ಡಬ್ಬಿ ಅಕ್ಕನ ಖಾಲಿ ಕೋಣೆಯ ಎಣಿಕೆ

ಅಪ್ಪ ಅಮ್ಮ ಆಸೆಪಟ್ಟು ಇಟ್ಟ ಹೆಸರೊಂದು ಅವಳಿಗಿತ್ತು. ಪಾಪ, ಅದು ಗುರುತಿನ ಚೀಟಿಯಲ್ಲಿ ಬಿದ್ದುಕೊಂಡಿತ್ತು, ಯಾರ ಬಾಯಿಗೂ ಬರಲಿಲ್ಲ. ಕೆಲಸದ ಜಾಗದಲ್ಲಿ ಮೇಲಿನವರಿಂದ ನೆಲ ಒರೆಸುವವರ ತನಕ ಎಲ್ಲರಿಗೂ ಅವಳು ಡಬ್ಬಿ ಅಕ್ಕ. ಅವಳು ಅಕ್ಕ ಆದಮೇಲೆ ಅವಳ ಗಂಡ ಇನ್ನೇನಾಗಬೇಕು? ಭಾವ. ಅವನಿಗಿಂತ ವಯಸ್ಸಿನಲ್ಲಿ ಎಷ್ಟೋ ಹಿರಿಯನಾದ ಗೇಟಿನ ಕಾವಲುಗಾರ ಕೂಡ "ಏನ್ ಭಾವ, ತಡ ಆಯ್ತಾ?" ಎಂದೇ ಮಾತಾಡಿಸುತ್ತಿದ್ದ. ಒಂದಿಡೀ ಕಟ್ಟಡಕ್ಕೆ ಭಾವನಾಗುವುದೆಂದರೆ ಹುಡುಗಾಟವಲ್ಲ. ಸಿಕ್ಕಿದವರೆಲ್ಲ ಗೇಲಿ ಮಾಡುತ್ತಾರೆ, ಮಾಡಿಸಿಕೊಳ್ಳಬೇಕು. ಅವನು ನಗುನಗುತ್ತ ಮಾಡಿಸಿಕೊಳ್ಳುತ್ತಿದ್ದ.

ಆ ಕಟ್ಟಡಕ್ಕೆ ಕಿಟಕಿಗಳಿಲ್ಲ. ಸುತ್ತ ಎರಡು ಸುತ್ತು ಬೇಲಿ, ಒಳಗೆ ಬಾಗಿಲ ಮೇಲೆ ಬಾಗಿಲು. ಕಟ್ಟಕಡೆಯ ಬಾಗಿಲಾಚೆ ಉಗ್ರಾಣ. ಅಲ್ಲಿ ಸಾಲಾಗಿ ಉಕ್ಕಿನ ಡಬ್ಬಿಗಳು, ಪ್ರತಿ ಡಬ್ಬಿಯ ಮುಚ್ಚಳಕ್ಕೂ ಸೀಲು, ಒಳಗೆ ಪ್ಲುಟೋನಿಯಂ ಪುಡಿ. ವಿದ್ಯುತ್ತಿಗೂ ಆಗುತ್ತದೆ, ಕೆಟ್ಟವರ ಕೈಗೆ ಸಿಕ್ಕರೆ ಊರು ಸುಡುವುದಕ್ಕೂ ಆಗುತ್ತದೆ. ಆದ್ದರಿಂದ ಡಬ್ಬಿಯಲ್ಲಿ ಇರಬೇಕಾದ್ದು ಇದೆಯೋ, ಯಾರಾದರೂ ಚಿಟಿಕೆ ಎತ್ತಿದ್ದಾರೋ ಎಂದು ಆಗಾಗ ನೋಡುತ್ತಲೇ ಇರಬೇಕು. ಹಾಗಂತ ಮುಚ್ಚಳ ತೆಗೆದು ಇಣುಕುವಂತಿಲ್ಲ. ತೆಗೆದರೆ ಪುಡಿ ಗಾಳಿಗೆ ಬರುತ್ತದೆ, ಉಸಿರಿಗೆ ಹೋಗುತ್ತದೆ, ಅಷ್ಟೇ ಕಥೆ. ತೆರೆಯದೆ, ಒಡೆಯದೆ, ಚೂರೂ ಹೊರತೆಗೆಯದೆ ಒಳಗೆ ಎಷ್ಟಿದೆ ಎಂದು ಹೇಳುವುದೇ ಡಬ್ಬಿ ಅಕ್ಕನ ಕೆಲಸ.

ಅದಕ್ಕೆ ಅವಳ ಹತ್ತಿರ ಮೂರು ಯಂತ್ರಗಳಿದ್ದವು. ಒಂದು, ಡಬ್ಬಿಯಿಂದ ಉಕ್ಕು ತೂರಿ ಬರುವ ಗಾಮಾ ಕಿರಣಗಳನ್ನು ಹರಳಿನ ಕಣ್ಣಲ್ಲಿ ನೋಡುವುದು. ಇನ್ನೊಂದು, ಬಾವಿಯಂಥ ಬಾಯಿಯೊಳಗೆ ಡಬ್ಬಿಯನ್ನು ಇಳಿಸಿಕೊಂಡು ನ್ಯೂಟ್ರಾನ್‌ಗಳನ್ನು ಎಣಿಸುವುದು. ಮೂರನೆಯದು, ಒಳಗಿನ ಪುಡಿ ತನ್ನಷ್ಟಕ್ಕೆ ತಾನು ಬೆಚ್ಚಗಿರುತ್ತದಲ್ಲ, ಆ ಬಿಸಿಯನ್ನು ಅಳೆಯುವುದು. ಇವಳು ಅವುಗಳನ್ನು ವಾರಗಿತ್ತಿಯರು ಎನ್ನುತ್ತಿದ್ದಳು. "ನೋಡಿ, ಹಿರಿಯಳಿಗೆ ಆತುರ, ಕಣ್ಣಿಗೆ ಬಿದ್ದಿದ್ದೆಲ್ಲ ಹೇಳಿಬಿಡ್ತಾಳೆ. ನಡುವಿನವಳು ಹುಷಾರು. ಕಿರಿಯಳು ಮೈಗಳ್ಳಿ, ಒಂದು ಮಾತು ಆಡೋಕೆ ಇಡೀ ದಿನ ತಗೋತಾಳೆ. ಆದ್ರೆ ಮೂರೂ ಜನ ಒಂದೇ ಮಾತು ಹೇಳಿದ್ರೆ ಅದು ಸತ್ಯ. ವಾರಗಿತ್ತಿಯರು ಸುಮ್‌ಸುಮ್ನೆ ಒಪ್ಪಲ್ಲ."

ಡಬ್ಬಿ ಬರುವ ಮೊದಲು ದಿನಾ ಬೆಳಿಗ್ಗೆ ಅವಳು ಖಾಲಿ ಕೋಣೆಯನ್ನು ಎಣಿಸುತ್ತಿದ್ದಳು. ಏನೂ ಇಲ್ಲದಾಗಲೂ ಗೋಡೆ, ನೆಲ, ಮನುಷ್ಯನ ಮೈ, ಎಲ್ಲದರಿಂದಲೂ ಅಷ್ಟಿಷ್ಟು ಕಿರಣ ಬರುತ್ತಲೇ ಇರುತ್ತದೆ. ಹಿರಿಯಳು ಅದನ್ನೂ ಡಬ್ಬಿಯ ತಲೆಗೇ ಕಟ್ಟುತ್ತಾಳೆ. ಆದ್ದರಿಂದ ಮೊದಲು ಖಾಲಿ ಕೋಣೆಯದನ್ನು ತಿಳಿದುಕೊಂಡು, ಆಮೇಲೆ ಡಬ್ಬಿಯ ಲೆಕ್ಕದಿಂದ ಅದನ್ನು ಕಳೆಯಬೇಕು. ಆ ಹೊತ್ತಿನಲ್ಲಿ ಡಬ್ಬಿ ಅಕ್ಕನ ಕೋಣೆಗೆ ನೊಣ ಹೋಗಲೂ ಅಪ್ಪಣೆ ಬೇಕು. "ಅಕ್ಕ ಇಲ್ಲದ್ದನ್ನ ಎಣಿಸ್ತಾ ಇದ್ದಾಳೆ, ಗಲಾಟೆ ಮಾಡ್ಬೇಡ್ರಪ್ಪಾ" ಎಂದು ಹೊರಗಿನವರು ಕಿಸಕ್ಕೆನ್ನುತ್ತಿದ್ದರು. ನಗಲಿ ಬಿಡಿ. ನಕ್ಕವರಲ್ಲಿ ಒಬ್ಬರಿಗಾದರೂ ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ಕೂರುವ ಯೋಗ್ಯತೆ ಇತ್ತೇ?

ಭಾವನದು ಗಾಡಿ ಕೆಲಸ. ಉಗ್ರಾಣದ ಕಾವಲಿನವನ ಜೊತೆ ಡಬ್ಬಿಯನ್ನು ಕೈಗಾಡಿಯಲ್ಲಿಟ್ಟು ಅಳತೆ ಕೋಣೆಗೆ ತರುವುದು, ಅಳತೆಯಾದ ಮೇಲೆ ಹಿಂದಕ್ಕೆ ಒಯ್ಯುವುದು. ಅಲ್ಲಿ ಯಾರೂ ಒಂಟಿಯಾಗಿ ಡಬ್ಬಿ ಮುಟ್ಟುವಂತಿಲ್ಲ, ಇಬ್ಬರಿರಬೇಕು. ಆದರೆ ಆ ಇಬ್ಬರು ಗಂಡಹೆಂಡತಿಯಾಗಿರಬಾರದು. ಗಂಡಹೆಂಡತಿ ಒಂದಾದರೆ ಏನು ಬೇಕಾದರೂ ಮಾಡಿಯಾರು ಎಂದು ನಿಯಮ ಬರೆದವರ ಲೆಕ್ಕಾಚಾರ. "ನಾವಿಬ್ರೂ ಒಂದಾಗಿ ಒಂದು ಪರದೆ ಬಟ್ಟೆ ಆರಿಸೋಕಾಗಿಲ್ಲ, ಇವರು ಕಳ್ಳತನದ ಮಾತಾಡ್ತಾರೆ" ಎನ್ನುತ್ತಿದ್ದ ಭಾವ. ಹೀಗಾಗಿ ಇವಳಿಗೆ ಜೊತೆಗಾರ ಸೀಲಪ್ಪ. ಸೀಲುಗಳನ್ನು ಭೂತಗನ್ನಡಿ ಹಿಡಿದು ನೋಡುವವನು, ಅದರಿಂದಲೇ ಆ ಹೆಸರು. ಡಬ್ಬಿ ಅಳೆಯುವಾಗ ಭಾವ ಗೋಡೆಯಾಚೆ ಓಣಿಯ ಬೆಂಚಿನ ಮೇಲೆ ಕೂತು, ಮೆಲ್ಲಗೆ ಸಿಳ್ಳೆ ಹಾಕುತ್ತ ಕಾಯುತ್ತಿದ್ದ.

ಅವನ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುತ್ತಿರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಇಡೀ ದಿನದ ವರದಿ ಒಪ್ಪಿಸಿಬಿಡುತ್ತಿದ್ದ. ಮೂರನೇ ಮಹಡಿಯ ಎರಡು ಕೋಣೆಯ ಮನೆ ಅವರದು, ಕಿಟಕಿ ತೆರೆದರೆ ಎದುರು ಮನೆಯವರ ಒಗೆದ ಬಟ್ಟೆ. ಅವನು ಮಾತಾಡುತ್ತಿದ್ದ, ಇವಳು ಹೂಂಗುಡುತ್ತ ಅಡುಗೆ ಮಾಡುತ್ತಿದ್ದಳು. ಮಕ್ಕಳಾಗಲಿಲ್ಲ. ಇವಳ ಅಕ್ಕ ಒಬ್ಬಳಿದ್ದಳು, ಸ್ವಂತ ಅಕ್ಕ. ಕೊನೆಯ ದಿನಗಳನ್ನು ಆಕೆ ಇದೇ ಮನೆಯ ಹಿಂದಿನ ಕೋಣೆಯಲ್ಲಿ ಕಳೆದಳು. ಕುತ್ತಿಗೆಯಲ್ಲಿ ಗಂಟಾಗಿತ್ತು. ತೋರಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಡಬ್ಬಿ ಅಕ್ಕ ಅವಳ ಸೇವೆಯನ್ನು ಒಂದು ಮಗುವಿಗೆ ಮಾಡುವಂತೆ ಮಾಡಿದಳು. ಅಕ್ಕ ಹೋದ ಮೇಲೆ ಬಹಳ ಕಾಲ ಇವಳ ಮುಖ ನೋಡುವ ಹಾಗಿರಲಿಲ್ಲ. ಅಳಲೂ ಇಲ್ಲ, ಮಾತಾಡಲೂ ಇಲ್ಲ. ಮೊದಲಿನಂತಾಗಲು ಎಷ್ಟೋ ಕಾಲ ಹಿಡಿಯಿತು.

ಇಷ್ಟು ಹಿನ್ನೆಲೆ ಸಾಕು. ಆ ದಿನದ ವಿಷಯಕ್ಕೆ ಬರುತ್ತೇನೆ.

ಮರುದಿನ ಹೊರದೇಶದ ತಪಾಸಣೆಯವರು ಬರುವವರಿದ್ದರು. ಎಲ್ಲರಿಗೂ ಕಾಲಿಗೆ ಚಕ್ರ ಕಟ್ಟಿಕೊಂಡಂಥ ಓಡಾಟ. ಭಾವ ಅಂದು ತಡವಾಗಿ ಬಂದ. ಹಲ್ಲುನೋವು, ಡಾಕ್ಟರ ಹತ್ತಿರ ಹೋಗಿದ್ದೆ ಎಂದ. ಬಂದವನು ಓಣಿಯ ಬೆಂಚಿನ ಮೇಲೆ ಕೂತ. ಸಿಳ್ಳೆ ಹಾಕಲಿಲ್ಲ, ಹಲ್ಲುನೋವಿನವನು ಎಲ್ಲಿಂದ ಹಾಕಿಯಾನು? ಒಳಗೆ ಡಬ್ಬಿ ಅಕ್ಕ ಖಾಲಿ ಕೋಣೆಯನ್ನು ಎಣಿಸಿದಳು. ಮುಗಿದ ಮೇಲೆ ಭಾವ ಡಬ್ಬಿ ತಂದುಕೊಟ್ಟು, ಇನ್ನೊಂದು ತರಲು ಗಾಡಿ ತಳ್ಳಿಕೊಂಡು ಉಗ್ರಾಣಕ್ಕೆ ಹೋದ.

ಹಿರಿಯ ವಾರಗಿತ್ತಿ ಡಬ್ಬಿಯನ್ನು ನೋಡಿ, ಕಡಿಮೆ ಇದೆ ಎಂದಳು. ಸ್ವಲ್ಪ ಕಡಿಮೆ ಅಲ್ಲ, ಎದೆ ಧಸಕ್ಕೆನ್ನುವಷ್ಟು ಕಡಿಮೆ.

ಮತ್ತೆ ನೋಡಿದರು. ಅದೇ ಮಾತು. ಬಾವಿಯೊಳಗೆ ಇಳಿಸಿದರು. ನಡುವಿನವಳು, ಎಲ್ಲ ಸರಿಯಾಗಿದೆ ಎಂದಳು. ಸೀಲಪ್ಪ ಸೀಲನ್ನು ತಿರುಗಿಸಿ ಮುರುಗಿಸಿ ನೋಡಿದ, ಒಂದು ಗೀರೂ ಇರಲಿಲ್ಲ.

"ಅಕ್ಕಾ, ಒಬ್ಬಳು ಇದೆ ಅಂತಾಳೆ, ಇನ್ನೊಬ್ಬಳು ಇಲ್ಲ ಅಂತಾಳೆ. ಏನ್ ಮಾಡೋಣ?"

"ಮಾಡೋದೇನು, ಹೇಳಬೇಕು. ಫೋನ್ ಮಾಡು."

ಮುಖ್ಯಸ್ಥರು ಬಂದರು. ಮೆದು ಮಾತಿನ ಮನುಷ್ಯ, ಸದಾ ಕೈಯಲ್ಲಿ ಬಿಸಿನೀರಿನ ಲೋಟ. ಅಂದು ಲೋಟ ಇರಲಿಲ್ಲ. ಎರಡು ಯಂತ್ರಗಳ ಮಾತು ಹೊಂದದಿದ್ದರೆ ಅದಕ್ಕೆ ಒಂದು ಕೆಟ್ಟ ಅರ್ಥವೂ ಉಂಟು. ಯಾರೋ ತಿಳಿದವರು ಒಳಗಿನದನ್ನು ತೆಗೆದು, ಅದರಂತೆಯೇ ನ್ಯೂಟ್ರಾನ್ ಬಿಡುವ ಬೇರೇನನ್ನೋ ತುಂಬಿಟ್ಟಿರಬಹುದು. ಉಗ್ರಾಣಕ್ಕೆ ಬೀಗ ಬಿತ್ತು. ಕಿರಿಯ ವಾರಗಿತ್ತಿಯ ಬಾಯಲ್ಲಿ ಮಾತು ಹೊರಡಿಸಲು ಸಂಜೆಯಾಗುತ್ತದೆ. ಅಲ್ಲಿಯತನಕ ಡಬ್ಬಿ ಮುಟ್ಟಿದವರು ಯಾರೂ ಹೊರಗೆ ಹೋಗಬಾರದು ಎಂದಾಯಿತು. ಡಬ್ಬಿ ಮುಟ್ಟಿದವರಲ್ಲಿ ಮೊದಲನೆಯವನು ಯಾರು? ಭಾವ. ಅವನನ್ನು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ ಬಾಗಿಲಲ್ಲಿ ಒಬ್ಬನನ್ನು ನಿಲ್ಲಿಸಿದರು.

ಸುದ್ದಿ ಕಟ್ಟಡದ ತುಂಬ ಹರಡಿತು. ಡಬ್ಬಿ ಅಕ್ಕ ನೀರು ಕುಡಿಯಲೆಂದು ಹೊರಗೆ ಬಂದಾಗ ಇಬ್ಬರು ಮಾತಾಡಿಕೊಳ್ಳುತ್ತಿದ್ದರು. "ಆ ಗಾಡಿಯವನು ಬೆಳಿಗ್ಗೆ ತಡವಾಗಿ ಬಂದನಂತಲ್ಲ?" ಎಂದ ಒಬ್ಬ. ನಿನ್ನೆಯತನಕ ಭಾವಾ ಭಾವಾ ಎಂದು ಬೆನ್ನು ತಟ್ಟುತ್ತಿದ್ದ ನಾಲಿಗೆಯೇ ಅದು. ಎಷ್ಟು ಬೇಗ ಗಾಡಿಯವನಾಗಿಬಿಟ್ಟ! ಅವಳು ನೀರು ಕುಡಿಯದೆ ಹಿಂತಿರುಗಿದಳು.

ಸುಳ್ಳು ಯಾಕೆ ಹೇಳಲಿ, ಅವಳ ಮನಸ್ಸಿನಲ್ಲೂ ಒಂದು ಹುಳ ಹೊಕ್ಕಿತು. ಅವನು ಕಳ್ಳನಲ್ಲ ಎಂದು ಅವಳ ಮೈಯ ಕಣಕಣಕ್ಕೂ ಗೊತ್ತಿತ್ತು. ಆದರೆ ಕೆಲವು ದಿನದಿಂದ ಅವನು ಏನನ್ನೋ ಬಚ್ಚಿಡುತ್ತಿದ್ದ, ಅದೂ ಅಷ್ಟೇ ಗೊತ್ತಿತ್ತು. ಫೋನ್ ಬಂದರೆ ಎದ್ದು ಹೊರಗೆ ಹೋಗುತ್ತಿದ್ದ. ಸೆಕೆಯಲ್ಲೂ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಮನೆಗೆ ಬಂದು ವರದಿ ಒಪ್ಪಿಸುವುದು ನಿಂತಿತ್ತು. ಇವಳು ಕೇಳಿರಲಿಲ್ಲ. ಕೇಳದೇ ಬಿಟ್ಟಿದ್ದಕ್ಕೆ ಈಗ ತನ್ನನ್ನೇ ಬೈದುಕೊಂಡಳು. ಅವನನ್ನು ಕರೆದುಕೊಂಡು ಹೋಗಿಬಿಟ್ಟರೆ? ಮೂರನೇ ಮಹಡಿಯ ಆ ಮನೆಗೆ ತಾನೊಬ್ಬಳೇ ಹೋಗಬೇಕಾಗಿ ಬಂದರೆ?

ಕೈಗೆ ಕೆಲಸ ಕೊಡಬೇಕಲ್ಲ ಎಂದು ಅವಳು ಬೆಳಗಿನ ಖಾಲಿ ಕೋಣೆಯ ಎಣಿಕೆಯನ್ನು ಮತ್ತೆ ಪರದೆಯ ಮೇಲೆ ತೆಗೆದಳು. ಯಾವ ಬಗೆಯ ಕಿರಣ ಎಷ್ಟು ಬಂತೆಂದು ತೋರಿಸುವ, ದಿನಾ ನೋಡಿದ ಗೆರೆ ಅದು, ಎಡಗಡೆ ಎತ್ತರ, ಬಲಕ್ಕೆ ಹೋದಂತೆ ಇಳಿಜಾರು. ಆತುರದ ದಿನ, ಬೆಳಿಗ್ಗೆ ಬರೀ ಮೊತ್ತ ನೋಡಿ ಮುಂದೆ ಹೋಗಿದ್ದಳು. ಈಗ ನೋಡಿದರೆ ಇಳಿಜಾರಿನ ನಡುವೆ ಒಂದು ಉಬ್ಬು. ಖಾಲಿ ಕೋಣೆಯಲ್ಲಿ ಇರಲೇಬಾರದ ಉಬ್ಬು, ಪ್ಲುಟೋನಿಯಂ ಕಿರಣಗಳ ಪಕ್ಕಕ್ಕೇ ಒತ್ತಿಕೊಂಡು ಕೂತಿತ್ತು. ಕೋಣೆ ಖಾಲಿ ಇರಲಿಲ್ಲ. ಏನೋ ಇತ್ತು. ಅದನ್ನೂ ಖಾಲಿ ಎಂದೇ ತಿಳಿದು ಡಬ್ಬಿಯ ಲೆಕ್ಕದಿಂದ ಕಳೆದದ್ದರಿಂದ ಡಬ್ಬಿ ಕಡಿಮೆ ಬಂದಿತ್ತು. ನ್ಯೂಟ್ರಾನ್ ಎಣಿಸುವವಳಿಗೆ ಅದು ಕಾಣುವಂಥದ್ದಲ್ಲ, ಆದ್ದರಿಂದ ಅವಳು ಸರಿ ಹೇಳಿದ್ದಳು.

ಆ ಉಬ್ಬು ಯಾವುದರದ್ದು ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಅದು ಕಿರಣ ಬಿಡುವ ಅಯೋಡಿನ್. ಆಸ್ಪತ್ರೆಯಲ್ಲಿ ಗುಳಿಗೆಯಾಗಿ ನುಂಗಿಸುತ್ತಾರೆ. ನುಂಗಿದ್ದು ಹೋಗಿ ಕುತ್ತಿಗೆಯ ಗ್ರಂಥಿಯಲ್ಲಿ ಕೂರುತ್ತದೆ. ಅಲ್ಲಿಂದ ಬರುವ ಕಿರಣ ನೋಡಿ ಗ್ರಂಥಿಗೆ ಏನಾಗಿದೆ ಎಂದು ಡಾಕ್ಟರು ತಿಳಿಯುತ್ತಾರೆ. ಅವಳ ಅಕ್ಕನಿಗೂ ನುಂಗಿಸಿದ್ದರು.

ಗೋಡೆಯಾಚೆ ಬೆಂಚಿನ ಮೇಲೆ ಬೆಳಿಗ್ಗೆ ಕೂತಿದ್ದವನು ಒಬ್ಬನೇ.

ಗಂಡ ಕಳ್ಳನಲ್ಲ. ಗಂಡನ ಕುತ್ತಿಗೆಯಲ್ಲಿ ಏನೋ ಇದೆ. ಎರಡೂ ಒಂದೇ ಉಬ್ಬಿನಲ್ಲಿ, ಒಂದೇ ಗಳಿಗೆಯಲ್ಲಿ ಅವಳ ಮುಂದೆ ಬಂದು ನಿಂತವು. ಯಾವುದಕ್ಕೆ ಉಸಿರು ಬಿಡಬೇಕು, ಯಾವುದಕ್ಕೆ ಹಿಡಿಯಬೇಕು ಎಂದೇ ಅವಳಿಗೆ ತಿಳಿಯಲಿಲ್ಲ. ಹೇಳಿದರೆ ಅವನು ಬಚ್ಚಿಟ್ಟದ್ದು ನಾಲ್ಕು ಜನರ ಮುಂದೆ ಬಯಲಾಗುತ್ತದೆ. ಹೇಳದಿದ್ದರೆ? ಹೊರಗೆ ಹೋಗುವವರ ಮೈಯಲ್ಲಿ ಕಿರಣ ಹುಡುಕುವ ಗೇಟಿನ ಗಂಟೆ ಸಂಜೆ ಅವನ ಮೈಯ ಅಯೋಡಿನ್‌ಗೆ ಬಡಿದುಕೊಳ್ಳದೆ ಬಿಡುತ್ತದೆಯೇ? ಡಬ್ಬಿ ಕಡಿಮೆ ಬಂದ ದಿನ, ಡಬ್ಬಿ ಮುಟ್ಟಿದವನ ಮೇಲೆ ಗಂಟೆ ಹೊಡೆದರೆ ಮುಗಿದೇ ಹೋಯಿತು. ಅವಳು ಎದ್ದು ಸೀದಾ ಮುಖ್ಯಸ್ಥರ ಹತ್ತಿರ ಹೋದಳು.

ಅವರು ಪರದೆ ನೋಡಿದರು. ಮತ್ತೆ ಮತ್ತೆ ನೋಡಿದರು.

"ಅಕ್ಕ, ನೀವು ಹೇಳೋದು ಸರಿ ಅಂತ ನನಗೂ ಅನಿಸುತ್ತೆ. ಆದ್ರೆ ನೀವು ಅವರ ಹೆಂಡತಿ. ಈ ಎಣಿಕೆ ನೀವು ಮಾಡೋದು ಬೇಡ. ಸೀಲಪ್ಪ ಮಾಡ್ಲಿ, ನಾನು ಪಕ್ಕದಲ್ಲಿರ್ತೀನಿ. ಅವರನ್ನ ಬೆಂಚಿನ ಮೇಲೆ ಕೂರಿಸಿ ಒಂದು ಸಲ, ಆಚೆ ಕಳಿಸಿ ಒಂದು ಸಲ. ನೀವು ಓಣಿಯ ಆ ತುದಿಯಲ್ಲಿ ಇರಿ."

ನ್ಯಾಯವಾದ ಮಾತು. ಅವಳು ಒಪ್ಪಿದಳು. ಆದರೆ ಅದಕ್ಕೆ ಮೊದಲು ಭಾವನನ್ನು ಕರೆತಂದಾಗ ಅವನ ಮುಂದೆ ಹೋಗಿ ನಿಂತಳು.

"ಮೇಲಿನ ಗುಂಡಿ ಬಿಚ್ಚಿ."

"ಏನೇ ಇದು, ಎಲ್ಲರ ಮುಂದೆ..."

"ಬಿಚ್ಚಿ ಅಂದೆ."

ಅವನು ಬಿಚ್ಚಿದ. ಗಂಟಲಿನ ಎಡಕ್ಕೆ ಗೋಲಿಯಷ್ಟು ಗಂಟು. ಅವಳು ಬೆರಳ ತುದಿಯಿಂದ ಮುಟ್ಟಿದಳು. ಸುತ್ತಲಿದ್ದವರು ತಾವಾಗಿಯೇ ಬೇರೆಲ್ಲೋ ನೋಡಿದರು. ಮುಖ್ಯಸ್ಥರು ಕೆಮ್ಮಿ, "ಶುರು ಮಾಡೋಣ" ಎಂದರು. ಭಾವ ಬೆಂಚಿನ ಮೇಲೆ ಕೂತ. ಅವಳು ಓಣಿಯ ತುದಿಗೆ ಹೋಗಿ ಗೋಡೆಗೆ ಒರಗಿದಳು. ಒಳಗೆ ಎಣಿಕೆ ನಡೆದಿತ್ತು. ಹೊರಗೆ ಇವರಿಬ್ಬರೇ, ನಡುವೆ ಉದ್ದನೆಯ ಬೋಳು ಓಣಿ.

"ಹಲ್ಲುನೋವು ಅಂದ್ರಿ" ಎಂದಳು ಅವಳು.

"ಹಲ್ಲೂ ನೋಯ್ತಿತ್ತು."

"ಸುಳ್ಳು."

"ಹೂಂ. ಸುಳ್ಳು."

"ಗುಳಿಗೆ ನುಂಗಿ ನೆಟ್ಟಗೆ ಇಲ್ಲಿಗೆ ಬಂದ್ರಾ? ಇಷ್ಟು ವರ್ಷ ಈ ಕಟ್ಟಡದಲ್ಲಿ ಏನ್ ಮಣ್ಣು ಹೊತ್ರಿ ನೀವು? ಗೇಟಲ್ಲಿ ಗಂಟೆ ಹೊಡೆಯುತ್ತೆ ಅಂತ ಗೊತ್ತಿರಲಿಲ್ವಾ?"

"ಆಸ್ಪತ್ರೆಯವನು, ಸಾಸಿವೆಯಷ್ಟು ಔಷಧಿ, ಕೆಲಸಕ್ಕೆ ಹೋಗಿ ಅಂದ. ಗೇಟಲ್ಲಿ ನಮ್ಮ ಮುದುಕನ ಕಿವಿಯಲ್ಲಿ ಮೆಲ್ಲಗೆ ಹೇಳಿದ್ರಾಯ್ತು ಅಂತಿದ್ದೆ. ಗೋಡೆಯಾಚೆ ನೀನು ನನ್ನನ್ನೇ ಎಣಿಸಿಬಿಡ್ತೀಯ ಅಂತ ಯಾರಿಗೆ ಗೊತ್ತು?"

ಅವಳಿಗೆ ನಗು ಬಂತು, ಅದರ ಹಿಂದೆಯೇ ಕಣ್ಣು ತುಂಬಿತು.

"ಮುದುಕನಿಗೆ ಹೇಳೋಕಾಗುತ್ತೆ. ನನಗೆ ಯಾಕ್ರೀ ಹೇಳಲಿಲ್ಲ?"

ಅವನು ಬಿಚ್ಚಿದ ಗುಂಡಿಯನ್ನು ಮತ್ತೆ ಹಾಕಿಕೊಂಡ.

"ದಿನಾ ಹೇಳೋಣ ಅಂತ ಬಾಯಿ ತೆಗೀತಿದ್ದೆ ಕಣೇ. ನಿನ್ನ ಮುಖ ನೋಡಿ ಮುಚ್ಕೋತಿದ್ದೆ. ನಿಮ್ಮಕ್ಕ ಹೋದಾಗ ನಿನ್ನ ಮುಖ ಹೇಗಾಗಿತ್ತು ಅಂತ ನಿನಗೆ ಗೊತ್ತಿಲ್ಲ. ನೀನು ನೋಡ್ಕೊಂಡಿಲ್ಲ, ನಾನು ನೋಡಿದ್ದೀನಿ. ಕಾಯಿಲೆಗೆ ನನಗೆ ಅಷ್ಟು ಹೆದರಿಕೆ ಇಲ್ಲ. ಆ ಮುಖ ಇನ್ನೊಂದು ಸಲ ನೋಡೋಕೆ ನನ್ನ ಕೈಲಾಗಲ್ಲ."

ಅವಳಿಗೆ ಓಡಿಹೋಗಿ ಅವನ ತೋಳು ಹಿಡಿದು ಅಲುಗಾಡಿಸಬೇಕೆನಿಸಿತು. ಹೋಗುವಂತಿರಲಿಲ್ಲ, ಒಳಗೆ ಎಣಿಕೆ ನಡೆಯುತ್ತಿತ್ತು. ನಿಂತಲ್ಲೇ ನಿಂತು, "ಅಷ್ಟಕ್ಕೆ ಕಳ್ಳ ಅನ್ನಿಸ್ಕೊಳ್ಳೋಕೂ ತಯಾರಾದ್ರಾ?" ಎಂದಳು.

"ಕಳ್ಳ ಅಂದ್ರೆ ನೀನು ಜಗಳ ಆಡ್ತೀಯ. ಅದು ನನಗೆ ಅಭ್ಯಾಸ ಇದೆ."

ಸೀಲಪ್ಪ ಬಾಗಿಲಿನಿಂದ ತಲೆ ಹೊರಹಾಕಿ ಮೊದಲ ಎಣಿಕೆ ಮುಗಿಯಿತು ಎಂದ. ಭಾವ ಬೆಂಚಿನ ಮೇಲಿದ್ದಾಗ ಉಬ್ಬು ಎದ್ದಿತ್ತು, ಅವನನ್ನು ಆಚೆ ಕಳಿಸಿದಾಗ ಅಡಗಿತ್ತು. ಸರಿಯಾದ ಖಾಲಿ ಕೋಣೆಯನ್ನು ಕಳೆದು ಲೆಕ್ಕ ಹಾಕಿದರೆ ಡಬ್ಬಿ ತುಂಬಿತ್ತು. ಸಂಜೆಗೆ ಮೈಗಳ್ಳಿ ಕಿರಿಯಳೂ ಅದನ್ನೇ ಹೇಳಿದಳು. ಮುಖ್ಯಸ್ಥರು ತಾವೇ ಗೇಟಿನ ತನಕ ಬಂದರು. ಭಾವ ಗೇಟಿನ ಕಂಬಗಳ ನಡುವೆ ಕಾಲಿಟ್ಟೊಡನೆ ಗಂಟೆ ಬಡಿದುಕೊಂಡಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮುದುಕ ಕಾವಲುಗಾರ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದ. ಎಲ್ಲರಿಗೂ ಕೇಳುವ ಹಾಗೆ ಗಟ್ಟಿ ದನಿಯಲ್ಲಿ, "ಹೋಗಿ ಬನ್ನಿ ಭಾವ" ಎಂದ. ಆ ಒಂದು ಮಾತಿಗೆ ಡಬ್ಬಿ ಅಕ್ಕ ಅವನಿಗೆ ಜನ್ಮಪೂರ್ತಿ ಋಣಿ.

ಮರುದಿನ ತಪಾಸಣೆಯವರನ್ನು ಸೀಲಪ್ಪನಿಗೆ ಒಪ್ಪಿಸಿ ಆಸ್ಪತ್ರೆಗೆ ಇಬ್ಬರೂ ಹೋದರು. ಅಲ್ಲಿಯೂ ಹರಳಿನ ಕಣ್ಣು, ಅಲ್ಲಿಯೂ ಪರದೆ. ಅವನ ಕುತ್ತಿಗೆಯ ಮುಂದೆ ಆ ಕಣ್ಣನ್ನು ತಂದು ನಿಲ್ಲಿಸಿದಾಗ ಅವಳು ಪರದೆಯನ್ನೇ ನೋಡುತ್ತಿದ್ದಳು. ಗ್ರಂಥಿಯ ಎಲ್ಲ ಕಡೆ ಅಯೋಡಿನ್ ಹೋಗಿ ಕೂತಿತ್ತು, ಗಂಟಿನ ಜಾಗ ಮಾತ್ರ ಖಾಲಿ. ಇದು ಒಳ್ಳೆಯದಲ್ಲ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹೊರಗಿನಿಂದ ಇಷ್ಟೇ ತಿಳಿಯುವುದು, ಇನ್ನು ಒಳಗಿನ ಚೂರು ತೆಗೆದು ನೋಡಬೇಕು ಎಂದರು ಡಾಕ್ಟರು. ಚೂರೂ ತೆಗೆಯದೆ ಹೇಳುವುದನ್ನೇ ಕಲಿತವಳು ಕಾಗದವನ್ನು ಮೊದಲಿನಿಂದ ಇನ್ನೊಮ್ಮೆ ಓದಿ ಸಹಿ ಹಾಕಿದಳು. ತೆಗೆದು ನೋಡಿದರು, ಕ್ಯಾನ್ಸರೇ ಆಗಿತ್ತು. ಗ್ರಂಥಿಯನ್ನೇ ಕತ್ತರಿಸಿದರು. ಗುಣವಾಗುವ ಜಾತಿಯದು, ಬೇಗ ಸಿಕ್ಕಿದೆ ಎಂದರು. ಒಳಗೆ ಉಳಿದ ಚೂರುಪಾರನ್ನು ಸುಡಲು ಮತ್ತೆ ಅಯೋಡಿನ್ ಕೊಟ್ಟರು. ಈ ಸಲ ಸಾಸಿವೆಯಷ್ಟಲ್ಲ, ಭಾರಿ ಪ್ರಮಾಣದ್ದು. ಮನೆಗೆ ಕಳಿಸುವಾಗ, ಕೆಲವು ದಿನ ಯಾರೂ ಇವರ ಹತ್ತಿರ ಕೂರಬೇಡಿ ಎಂದರು.

ದೂರದ ಲೆಕ್ಕ ಡಬ್ಬಿ ಅಕ್ಕನಿಗೆ ಹೇಳಿಕೊಡಬೇಕೇ? ಎಷ್ಟು ದೂರದಲ್ಲಿ ಎಷ್ಟು ಹೊತ್ತು, ಇವತ್ತೆಷ್ಟು, ನಾಳೆಗೆ ಎಷ್ಟು ಇಳಿಯುತ್ತದೆ, ಎಲ್ಲ ಅವಳ ಬೆರಳ ತುದಿಯಲ್ಲಿತ್ತು. ಅವನನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿದಳು. ಅವನ ಬೆವರು, ಎಂಜಲು ತನಗೆ ತಾಗಿ ಹಿರಿಯ ವಾರಗಿತ್ತಿಗೆ ಮತ್ತೆ ಭ್ರಮೆ ಹಿಡಿಸಬಾರದೆಂದು ತಾನೂ ರಜೆ ಹಾಕಿದಳು. ಸೀಲಪ್ಪ ದಿನಾ ಫೋನಿನಲ್ಲಿ, "ಅಕ್ಕಾ, ಖಾಲಿ ಕೋಣೆ ಎಣಿಸೋದು ಮಹಾ ಬೇಜಾರು, ಬೇಗ ಬಾ" ಎಂದು ಗೋಳಾಡುತ್ತಿದ್ದ. ಅವಳು ಒಂದು ಕುರ್ಚಿಯನ್ನು ಹಿಂದಿನ ಕೋಣೆಯ ಹೊಸ್ತಿಲಾಚೆ ಹಾಕಿಕೊಂಡಳು. ಅವನ ಗಂಟಲು ಇನ್ನೂ ಮಾಯುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಆದ್ದರಿಂದ ಮಾತು ಅವಳ ಪಾಲಿಗೆ ಬಂತು. ಜನ್ಮವಿಡೀ ಹೂಂಗುಟ್ಟಿಕೊಂಡು ಬಂದವಳು ಈಗ ಎದುರು ಮನೆಯ ಬಟ್ಟೆಯ ಸುದ್ದಿ, ಮೆಟ್ಟಿಲಿನ ಬೆಕ್ಕಿನ ಸುದ್ದಿ, ಮೂವರು ವಾರಗಿತ್ತಿಯರ ಜಗಳದ ಸುದ್ದಿ ಎಲ್ಲ ಹೇಳಿದಳು. ಅವನು ಹಾಸಿಗೆಯಿಂದ ತಲೆದೂಗುತ್ತಿದ್ದ. ಲೆಕ್ಕ ಒಪ್ಪಿದಂತೆ ಕುರ್ಚಿ ದಿನಕ್ಕಿಷ್ಟು ಮುಂದೆ ಬರುತ್ತಿತ್ತು.

ಒಂದು ಸಂಜೆ ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಭುಜ ಅಲುಗಾಡುತ್ತಿದ್ದುದು ಅವಳಿಗೆ ಹೊಸ್ತಿಲಿನಿಂದ ಕಂಡಿತು. ಅವಳು ಎದ್ದು, ಕುರ್ಚಿ ಎತ್ತಿಕೊಂಡು, ಸೀದಾ ಹಾಸಿಗೆಯ ಪಕ್ಕ ತಂದು ಇಟ್ಟು ಕೂತಳು. ಅವನು ಗಾಬರಿಯಾಗಿ ಹೊರಳಿದ.

"ಇನ್ನೂ... ದಿನ ಇದೆ... ನೀನೇ ಅಂದಿದ್ದೆ" ಎಂದ, ಒಡೆದ ದನಿಯಲ್ಲಿ.

"ಗೊತ್ತು. ಲೆಕ್ಕ ಹಾಕಿದವಳು ನಾನೇ. ಸ್ವಲ್ಪ ಹೊತ್ತು ಕೂತರೆ ಏನೂ ಮುಳುಗಿಹೋಗಲ್ಲ."

ಅವಳ ಮುಖ ತೊಯ್ದಿತ್ತು. ಮೂಗು ಕೆಂಪಾಗಿತ್ತು, ತುಟಿ ಹಿಡಿತಕ್ಕೆ ಬರುತ್ತಿರಲಿಲ್ಲ. ಅವನು ಥಟ್ಟನೆ ಕಣ್ಣು ಮುಚ್ಚಿಕೊಂಡ.

"ಕಣ್ಣು ಬಿಡಿ" ಎಂದಳು. "ನನ್ನ ಮುಖ ಹೇಗಾದ್ರೂ ಆಗ್ಲಿ. ನೋಡಿ."

ಅವನು ಕಣ್ಣು ಬಿಟ್ಟ. ನೋಡಿದ. ಕತ್ತಲಾಗಿ, ಅವಳು ಎದ್ದು ದೀಪ ಹಾಕುವ ತನಕ ನೋಡುತ್ತಲೇ ಇದ್ದ.